ಉಪ್ಪುನೀರಿನ ಬಾವಿ

ಬೆಳಿಗ್ಗೆ ಹತ್ತಕ್ಕೆ ನ್ಯಾಯಾಲಯದ ಕಮಿಷನರ್ ಊರ ಬಾವಿ ನೋಡಲು ಬಂದರು. ಬಂಡೆ ಸೀಳಿ ಗ್ಯಾಸ್ ತೆಗೆಯುವ ಕಂಪನಿ ಅದರ ನೀರು ಕೆಡಿಸಿದೆ ಎಂಬುದು ಊರವರ ದಾವೆ. ಅದು ಮೊದಲಿನಿಂದಲೂ ಉಪ್ಪುನೀರು, ಕೆಡಲು ಅಲ್ಲೇನಿದೆ ಎಂದು ಕಂಪನಿಯ ವಕೀಲ ಗಲಗಲಿ ವಾದಿಸಿದ್ದರು. ಆದರೂ ಇರಲಿ ಎಂದು ಹಿಂದಿನ ದಿನ ಗುಟ್ಟಾಗಿ ಬಾವಿ ತೊಳೆಸಿ ಟ್ಯಾಂಕರ್ ನೀರು ತುಂಬಿಸಿದ್ದರು. ಈ ಹಳ್ಳಿಗರಿಗೆ ಏನು ತಿಳಿದೀತು?

ಕಮಿಷನರ್ ನೀರನ್ನು ನಾಲಿಗೆಗೆ ಹಚ್ಚಿ ನೋಡಿದರು. "ಸಿಹಿಯಾಗಿದೆಯಲ್ಲ!"

"ಅಮೃತ ಸರ್, ಅಮೃತ! ಇವರದು ಸುಳ್ಳು ಕೇಸು," ಗಲಗಲಿ ಬೀಗಿದರು.

ಕೊಡ ಹಿಡಿದು ನಿಂತಿದ್ದ ಚಂದ್ರವ್ವ ನಕ್ಕಳು. "ಅಜ್ಜನ ಕಾಲದಿಂದ ಉಪ್ಪುನೀರು ಅಂತ ಕೋರ್ಟಿನ್ಯಾಗ ಅಂದವ್ರು ನೀವಽ ಅಲ್ರೀ ವಕೀಲ್ರ? ಈಗ ಸಕ್ಕರಿ ಹಾಕಿದ್ರೇನು?"

ಕಮಿಷನರ್ ಪಂಪು ತರಿಸಿ ಬಾವಿ ಬರಿದು ಮಾಡಿಸಿದರು. ಸೆಲೆಯ ನೀರು ಒಸರುವವರೆಗೆ ಅಲ್ಲೇ ಕುರ್ಚಿ ಹಾಕಿಸಿಕೊಂಡು ಕುಳಿತರು.