ಎದ್ದು ನಿಂತವಳು

ತಟ್ಟಿದ ರೊಟ್ಟಿಯನ್ನು ಶಿವಕಾಂತಾ ಹಂಚಿಗೆ ಹಾಕುವಷ್ಟರಲ್ಲಿ ಪಕ್ಕದ ಮನೆಯ ಫರ್ಹೀನ ಒಳಗೆ ಬಂದು ಎರಡು ಪಾಸುಗಳನ್ನು ಹಿಟ್ಟಿನ ಡಬ್ಬಿಯ ಮೇಲಿಟ್ಟಳು. ಅವಳ ಗಂಡ ಖಾಲಿದ ಬೀದರಿನ ರಂಗಮಂದಿರದಲ್ಲಿ ದೀಪ ನೋಡಿಕೊಳ್ಳುವವನು. ಹೈದರಾಬಾದಿಗೆ ಬಂದಿದ್ದ ಪರದೇಶದ ಬ್ಯಾಲೆ ತಂಡವೊಂದು ಅವತ್ತು ಸಂಜೆ ಇಲ್ಲಿಯೂ ಕುಣಿಯುವುದಿತ್ತಂತೆ.

“ಕಾಲ್ಬೆರಳಿನ ತುದಿ ಮ್ಯಾಲ ನಿಂತು ಕುಣಿತಾರಂತ್ರಿ ಅಕ್ಕ. ನಮಗ ಈ ಚಿದ್ರಿ ರಸ್ತಾದಾಗ ಚಪ್ಪಲ್ ಹಾಕ್ಕೊಂಡು ನೆಟ್ಟಗ ನಡಿಲಿಕ್ಕಿ ಬರಂಗಿಲ್ಲ.”

ಶಿವಕಾಂತಾ ನಗಲಿಲ್ಲ. ಗಂಡ ಅಮಿತಕುಮಾರ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಕುಣಿತ ನೋಡಲು ಹೊರಟರೆ ಓಣಿಯವರು ಏನಂದಾರು ಎಂದು ಅತ್ತೆಯ ಮುಖ ನೋಡಿದಳು. ಹೊಸ್ತಿಲ ಬಳಿ ತೊಗರಿಬೇಳೆ ಆರಿಸುತ್ತಿದ್ದ ಶೇವಂತಾಬಾಯಿ ಮೊರದಿಂದ ತಲೆ ಎತ್ತಲಿಲ್ಲ.

“ಕೂಸಿನ ಸಲುವಾಗಿ ಹೋಗವ್ವ. ಬರೇ ಆ ಗ್ವಾಡಿ ನೋಡ್ಕೋತ ಕುಂದರ್ತದ.”

ಹಂಚಿನ ಮೇಲಿನ ರೊಟ್ಟಿ ಸೀದುಹೋಗಿತ್ತು.

ತೀರಿಕೊಂಡ ದಿನ ಆ ಗೋಡೆಗೇ ಒರಗಿಸಿ ಅಮಿತಕುಮಾರನನ್ನು ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳ ತುಂಬ ಹಾರ, ಎದುರಿಗೆ ಬೆಳಗಿನತನಕ ಭಜನೆ. ಆಮೇಲೆ ಹೂವಿನ ಮಂಟಪದಲ್ಲಿ ಕೂತಂತೆಯೇ ಮಣ್ಣು ಮಾಡಲು ಭಾಲ್ಕಿ ಕಡೆಯ ಹೊಲಕ್ಕೆ ಹೊತ್ತುಕೊಂಡು ಹೋದರು. ಮಗಳು ಸುವರ್ಣಾ, ಒಂದನೇ ಇಯತ್ತೆಯವಳು, ಫರ್ಹೀನಳ ತೊಡೆಯ ಮೇಲೆ ಕೂತು ಎಲ್ಲವನ್ನೂ ನೋಡಿದಳು. ಅಳಲಿಲ್ಲ. ಅವತ್ತಿನಿಂದ ಅಪ್ಪನ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಕೇಳಿದರೆ ಏನು ಹೇಳಬೇಕೆಂಬುದನ್ನು ಶಿವಕಾಂತಾ ಪಾತ್ರೆ ತಿಕ್ಕುತ್ತ, ಬಟ್ಟೆ ಹಿಂಡುತ್ತ ಎಷ್ಟೋ ಸಲ ಹೊಂದಿಸಿಟ್ಟುಕೊಂಡಿದ್ದಳು. ಅಪ್ಪ ಶಿವನ ಹತ್ತಿರ ಹೋಗಿದ್ದಾನೆ, ಅಲ್ಲಿಂದಲೇ ನಿನ್ನನ್ನು ನೋಡುತ್ತಾನೆ. ಉತ್ತರ ಸಿದ್ಧವಿತ್ತು. ಕೇಳಬೇಕಾದ ಬಾಯಿ ಮಾತ್ರ ತೆರೆದಿರಲಿಲ್ಲ.

ಸಂಜೆ ರಂಗಮಂದಿರದಲ್ಲಿ ತಾಯಿ ಮಗಳಿಗೆ ಮುಂದಿನ ಸಾಲಿನಲ್ಲೇ ಜಾಗ ಸಿಕ್ಕಿತು. ಕಥೆಯಲ್ಲಿ ಮಾತೇ ಇರಲಿಲ್ಲ, ಆದರೂ ತಿಳಿಯುತ್ತಿತ್ತು. ಬಿಳಿ ಲಂಗದ ಹುಡುಗಿಯೊಬ್ಬಳು ತಪ್ಪಿಸಿಕೊಂಡ ಕುರಿಮರಿಯನ್ನು ಹುಡುಕುತ್ತ ಹಿಮದಲ್ಲಿ ದಾರಿ ತಪ್ಪುತ್ತಾಳೆ. ನೆಲ ಸುಡುತ್ತಿದೆಯೋ ಎಂಬಂತೆ ತುದಿಗಾಲಲ್ಲೇ ಓಡುತ್ತಾಳೆ, ತಿರುಗುತ್ತಾಳೆ, ಸೋಲುತ್ತಾಳೆ. ಕೊನೆಗೆ ಬಿದ್ದವಳು ಏಳಲೇ ಇಲ್ಲ. ಊರಿನ ಗಂಡಸರು ಬಂದು ಅವಳನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು ನಿಧಾನವಾಗಿ ಒಂದು ಸುತ್ತು ನಡೆದರು. ಯಾಕಾದರೂ ಕರೆತಂದೆನೋ ಎಂದುಕೊಂಡು ಶಿವಕಾಂತಾ ಮಗಳ ಕಣ್ಣಿಗೆ ಸೆರಗು ಅಡ್ಡ ಹಿಡಿದಳು. ಸುವರ್ಣಾ ಸೆರಗನ್ನು ಸರಿಸಿದಳು.

ಪರದೆ ಬಿತ್ತು. ಆಮೇಲೆ ಹಿಂದೆಲ್ಲೋ ಒಬ್ಬರು ಚಪ್ಪಾಳೆ ತಟ್ಟಿದರು, ನೋಡನೋಡುತ್ತಿದ್ದಂತೆ ಇಡೀ ಸಭೆ ತಟ್ಟಿತು. ಪರದೆ ಮತ್ತೆ ಸರಿಯಿತು. ಸತ್ತ ಹುಡುಗಿ ಎದ್ದು ನಿಂತಿದ್ದಳು. ಬೆವರಿದ ಮುಖದಲ್ಲಿ ನಗುತ್ತ, ಎದೆಯ ಮೇಲೆ ಕೈಯಿಟ್ಟು ಬಾಗಿದಳು.

ಪರದೆ ಮುಚ್ಚಿತು, ಚಪ್ಪಾಳೆ ನಿಲ್ಲಲಿಲ್ಲ, ಮತ್ತೆ ತೆರೆಯಿತು, ಅವಳು ಮತ್ತೆ ಬಂದಳು. ಸುವರ್ಣಾ ಕುರ್ಚಿಯ ಮೇಲೆ ನಿಂತು ಒಂದೇ ಸಮನೆ ತಟ್ಟುತ್ತಿದ್ದಳು. ಜನ ನಿಲ್ಲಿಸಿ ಬಾಗಿಲ ಕಡೆ ನಡೆದರೂ ಅವಳು ನಿಲ್ಲಿಸಲಿಲ್ಲ. ಒಬ್ಬಳೇ ತಟ್ಟಿದಳು. ಪರದೆ ಅಲುಗಾಡಲಿಲ್ಲ.

ಶಿವಕಾಂತಾ ಆ ಪುಟ್ಟ ಕೈಗಳನ್ನು ತನ್ನ ಅಂಗೈಯೊಳಗೆ ಹಿಡಿದುಕೊಂಡಳು. ಕೆಂಪಾಗಿ ಸುಡುತ್ತಿದ್ದವು. ಮಗಳು ಪರದೆಯಿಂದ ಕಣ್ಣು ತೆಗೆದು ತಾಯಿಯ ಮುಖ ನೋಡಿದಳು.

“ಅವ್ವಾ, ಅಪ್ಪಗ ಎಲ್ಲಾರೂ ಹಾರ ಹಾಕಿದ್ರು, ಹಾಡು ಹಾಡಿದ್ರು. ಚಪ್ಪಾಳಿ ಯಾಕ ಯಾರೂ ಹೊಡಿಲಿಲ್ಲ?”