ಹಳದಿ ಗೌನು

ಎತೆಲ್ವಿನಾ ಹಳದಿ ಗೌನು ತೊಟ್ಟು ಅಡುಗೆಮನೆಗೆ ಬಂದಾಗ ದೆವುಲಿಂದಾ ಸೂಪಿಗೆಂದು ಎಲೆಕೋಸನ್ನು ಎಳೆ ಎಳೆಯಾಗಿ ಹೆಚ್ಚುತ್ತಿದ್ದಳು. ಚಾಕು ಅರ್ಧಕ್ಕೇ ನಿಂತಿತು.

"ಯಾರದ್ದೇ ಅದು?"

"ನಂದೇ ಅಕ್ಕಾ. ದೊಡ್ಡ ಬೀದೀಲಿ ತಗೊಂಡೆ."

"ಈ ವಯಸ್ಸಲ್ಲಿ ಹಳದಿ ಕ್ಯಾನರಿ ಹಕ್ಕಿ ಆಗೋ ಆಸೆನಾ?"

ದೆವುಲಿಂದಾ ಎತೆಲ್ವಿನಾಳ ತೀರಿಹೋದ ಗಂಡನ ಅಕ್ಕ. ಅವಳೂ ವಿಧವೆ. ಒಬಿದುಸ್ ಊರಿನ ಕೋಟೆಯೊಳಗಿನ ಈ ಮನೆ ದೆವುಲಿಂದಾಳ ಅಪ್ಪನ ಕಾಲದ್ದು. ತಮ್ಮನನ್ನು ಮಣ್ಣು ಮಾಡಿ ಬಂದ ಮರುದಿನ ಅವಳೇ ಹಿತ್ತಲಲ್ಲಿ ಹಂಡೆ ಇಟ್ಟು, ಕಪ್ಪು ಬಣ್ಣ ಕುದಿಸಿ, ಎತೆಲ್ವಿನಾಳ ಬಟ್ಟೆಗಳನ್ನೆಲ್ಲ ಒಂದೂ ಬಿಡದೆ ಅದ್ದಿ ತೆಗೆದಿದ್ದಳು. ಗಂಡ ಸತ್ತವಳಿಗೆ ಸಾಯುವ ತನಕ ಕಪ್ಪೇ. ಚರ್ಚಿಗೆ, ಸಂತೆಗೆ, ಸಮಾಧಿಗೆ ಹೋಗಿ ಬರಬಹುದು. ಸುಮ್ಮನೆ ಸುತ್ತುವಂತಿಲ್ಲ, ಹೋಟೆಲಿನವರು ಬೀದಿಗೆ ಹಾಕಿದ ಮೇಜಿನ ಮುಂದೆ ಕೂತು ಉಣ್ಣುವಂತಿಲ್ಲ. ದಿನವೂ ಇಬ್ಬರೂ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಬಸ್ಸುಗಳಲ್ಲಿ ಬಂದ ಪ್ರವಾಸಿಗರು ಅವರ ಮುಂದೆ ನಿಂತು ಫೋಟೊ ತೆಗೆದುಕೊಳ್ಳುತ್ತಿದ್ದರು: ಸುಣ್ಣದ ಗೋಡೆ, ಗೋಡೆಯಂಚಿಗೆ ನೀಲಿ ಪಟ್ಟೆ, ಕಪ್ಪು ತೊಟ್ಟ ಇಬ್ಬರು ಮುದುಕಿಯರು.

ಕೋಟೆಗೋಡೆಯ ಬುಡದಲ್ಲೇ ಆಯುಸ್ಸು ಕಳೆದರೂ ಎತೆಲ್ವಿನಾ ಅದರ ಮೇಲೆ ನಡೆದದ್ದು ಮದುವೆಗೆ ಮುಂಚೆ ಮಾತ್ರ. ಹೋದ ವಾರ ಮತ್ತೆ ಹತ್ತಲು ಹೋಗಿದ್ದಳು. ಮೆಟ್ಟಿಲ ಮೇಲೆ ಕಾಲಿಟ್ಟದ್ದೇ ತಡ, ಅಲ್ಲಿದ್ದ ಕ್ಯಾಮೆರಾಗಳೆಲ್ಲ ಅವಳ ಕಡೆ ತಿರುಗಿದ್ದವು. ತಲೆ ತಗ್ಗಿಸಿಕೊಂಡು ಇಳಿದು ಬಂದಿದ್ದಳು.

"ನಿಮ್ಮ ತಮ್ಮನ್ನ ನಾನು ಮರ್ತಿಲ್ಲ ಅಕ್ಕಾ," ಎಂದಳು ಈಗ. "ಆದ್ರೆ ಕಪ್ಪು ಹಾಕ್ಕೊಂಡು ಹೋದ್ರೆ ನಾನು ಏನೂ ನೋಡೋಕಾಗಲ್ಲ. ಎಲ್ರೂ ನನ್ನೇ ನೋಡ್ತಾರೆ. ಇವತ್ತೊಂದಿನ ಊರು ನೋಡ್ತೀನಿ. ಬೀದೀಲಿ ಕೂತು ಊಟ ಮಾಡ್ತೀನಿ."

"ಮಾಡು. ಆದ್ರೆ ಆ ಗೌನಲ್ಲಿ ಹೊಸಲು ದಾಟಿದ್ರೆ, ಮತ್ತೆ ಈ ಹೊಸಲು ತುಳೀಬೇಡ."

ಎತೆಲ್ವಿನಾ ಗೌನಿನ ನೆರಿಗೆ ಸರಿಮಾಡಿಕೊಂಡಳು. ಆಮೇಲೆ ಹೊಸಲು ದಾಟಿದಳು.

ದೊಡ್ಡ ಬೀದಿಯಲ್ಲಿ ಯಾರೂ ಅವಳನ್ನು ಗುರುತಿಸಲಿಲ್ಲ. ಚೆರ್ರಿ ಮದ್ಯ ಮಾರುವ ಹುಡುಗಿ ದಿನವೂ ಬೆಳಿಗ್ಗೆ ಅವಳಿಗೆ ನಮಸ್ಕಾರ ಹೇಳುವವಳು. ಇವತ್ತು ಇಂಗ್ಲಿಷಿನಲ್ಲಿ ಕೂಗಿ ಕರೆದು, ಚಾಕೊಲೇಟಿನ ಪುಟ್ಟ ಬಟ್ಟಲಲ್ಲಿ ಮದ್ಯ ಬಗ್ಗಿಸಿ ಕೊಟ್ಟಳು. ಕುಡಿದ ಮೇಲೆ ಬಟ್ಟಲನ್ನೂ ತಿನ್ನಬೇಕೆಂದು ಕೈಸನ್ನೆಯಲ್ಲಿ ಕಲಿಸಿದಳು. ಎತೆಲ್ವಿನಾ ಗೊತ್ತಿಲ್ಲದವಳ ಹಾಗೆ ಕಲಿತುಕೊಂಡಳು. ನಗು ತಡೆಯಲು ಬಟ್ಟಲನ್ನು ಒಂದೇ ಸಲ ಬಾಯಿಗೆ ಹಾಕಿಕೊಳ್ಳಬೇಕಾಯಿತು.

ಕೋಟೆಗೋಡೆಯ ಮೇಲೆ ಗಾಳಿ ಜೋರಾಗಿತ್ತು. ಒಳಬದಿಗೆ ಕಟಕಟೆ ಇಲ್ಲ. ಕಲ್ಲಿಗೆ ಕೈ ಆನಿಸಿಕೊಂಡು ನಡೆದಳು. ಒಂದು ಕಡೆ ಪಿಯರ್ ಹಣ್ಣಿನ ತೋಟಗಳು, ಅವುಗಳಾಚೆ ದೂರದಲ್ಲಿ ಹೊಳೆಯುವ ನೀರು. ಇನ್ನೊಂದು ಕಡೆ ಹೆಂಚಿನ ಮಾಡುಗಳು. ತಮ್ಮ ಮನೆಯ ಮಾಡಿನಲ್ಲಿ ಹುಲ್ಲು ಬೆಳೆದದ್ದು ಅವಳಿಗೆ ಇವತ್ತೇ ತಿಳಿದದ್ದು. ಬಾಗಿಲ ಮುಂದೆ ಎಂದಿನಂತೆ ಎರಡು ಕುರ್ಚಿ. ಒಂದರಲ್ಲಿ ದೆವುಲಿಂದಾ, ಮೇಲಿನಿಂದ ನೋಡಿದರೆ ಒಂದು ಕಪ್ಪು ಚುಕ್ಕೆ. ಯಾರೋ ಅವಳ ಮುಂದೆ ಮಂಡಿಯೂರಿ ಕ್ಯಾಮೆರಾ ಹಿಡಿದಿದ್ದ. ತಾನು ಜೊತೆಗಿದ್ದಾಗ ಮುಖ ತಿರುಗಿಸಿ ಗೊಣಗುತ್ತಿದ್ದವಳು ಈಗ ಅಲುಗದೆ ಕೂತಿದ್ದಳು.

ಕೆಳಗಿಳಿದಾಗ ಹಸಿವಾಗಿತ್ತು. ಹೋಟೆಲಿನ ಮುಂದೆ ಹಾವುಮೀನಿನ ಸಾರಿನ ಘಮ. ಮಾಣಿ ಎಷ್ಟು ಜನ ಎಂದು ಕೇಳಿದ. ಒಬ್ಬಳೇ ಎಂಬ ಮಾತು ಎತೆಲ್ವಿನಾಳ ಬಾಯಿಂದ ಹೊರಡಲಿಲ್ಲ. ಜೋಡಿ ಜೋಡಿಯಾಗಿ ಕೂತವರನ್ನು ಒಮ್ಮೆ ನೋಡಿದಳು, ಹಿಂದೆ ಸರಿದಳು. ಸಾಕು, ಮನೆಗೆ ಹೋಗಿ ಕಪ್ಪು ಹಾಕಿಕೊಂಡು ಅಕ್ಕನ ಕಾಲು ಹಿಡಿದರಾಯಿತು ಎಂದುಕೊಂಡು ಮನೆಯ ಗಲ್ಲಿಗೆ ತಿರುಗಿದಳು.

ಅಷ್ಟರಲ್ಲಿ ಹಿಂದಿನಿಂದ ಬಂದ ಪ್ರವಾಸಿಗರ ದಂಡು ಅವಳನ್ನೂ ಒಳಗೆ ಸೇರಿಸಿಕೊಂಡುಬಿಟ್ಟಿತು. ಗಲ್ಲಿ ಕಿರಿದು, ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಮುಂದಿದ್ದವನು ಲಿಸ್ಬನ್ನಿನ ಗೈಡು. ವಾರಕ್ಕೊಮ್ಮೆಯಾದರೂ ಜನರನ್ನು ಕರೆತಂದು ಆ ಇಬ್ಬರು ವಿಧವೆಯರನ್ನು ತೋರಿಸಿ ಹೋಗುವವನು. ಅವನು ನೇರ ದೆವುಲಿಂದಾಳ ಮುಂದೆ ಹೋಗಿ ನಿಂತ. ಎತೆಲ್ವಿನಾ ಎತ್ತರದ ಜನರ ಹೆಗಲುಗಳ ನಡುವೆ ಸಿಕ್ಕಿಕೊಂಡು, ತನ್ನದೇ ಮನೆಯ ಬಾಗಿಲನ್ನು ಪರವೂರಿನವಳಂತೆ ನೋಡುತ್ತ ನಿಂತಳು.

ಗೈಡನ ಕಣ್ಣು ಖಾಲಿ ಕುರ್ಚಿಯ ಮೇಲೆ ಬಿತ್ತು. ಅವನಿಗೆ ನಿರಾಸೆಯಾದಂತಿತ್ತು.

"ಏನಮ್ಮಾ, ಇವತ್ತು ಒಬ್ರೇ ಇದ್ದೀರಲ್ಲ? ಇನ್ನೊಬ್ರಿಗೆ ಮೈ ಹುಷಾರಿಲ್ವಾ?"

ದೆವುಲಿಂದಾ ತಲೆಯೆತ್ತಿದಳು. ಅವಳ ನೋಟ ಒಂದೊಂದೇ ಮುಖ ದಾಟುತ್ತ ಬಂದು ಹಳದಿಯ ಮೇಲೆ ನಿಂತಿತು. ಈಗ ಈ ಊರಿನ, ಪರವೂರಿನ ಜನರೆಲ್ಲರ ಎದುರು ಬೈಗುಳ ಖಂಡಿತ ಎಂದುಕೊಂಡಳು ಎತೆಲ್ವಿನಾ.

ದೆವುಲಿಂದಾ ಮಡಿಲಿನ ಮೇಲೆ ಬಿದ್ದಿದ್ದ ಎಲೆಕೋಸಿನ ಚೂರೊಂದನ್ನು ನಿಧಾನವಾಗಿ ಕೊಡವಿದಳು.

"ಹುಷಾರಾಗೇ ಇದ್ದಾಳಪ್ಪ. ಊರು ನೋಡೋಕೆ ಹೋಗಿದ್ದಾಳೆ," ಎಂದಳು, ಕಣ್ಣು ಕದಲಿಸದೆ. "ಹೊಟ್ಟೆ ತುಂಬ ಉಂಡ್ಕೊಂಡೇ ಬರ್ತಾಳೆ. ಅಲ್ಲೀ ತನಕ ನಾನು ಬಾಗಿಲು ಹಾಕಲ್ಲ."