ಯಾರೂ ಕೂಗಲಿಲ್ಲ

"ಲಿಫ್ಟ್ ಕೂರಿಸೋ ಕಂಪನಿಗೆ ಇಷ್ಟೊಂದು ಕ್ಲೌಡ್ ಬಿಲ್ ಯಾಕ್ರೀ?" ಎಂದು ಮಾಲೀಕರು ರೇಗಿದ್ದರು. ಮೂರು ಕಂಪನಿಗಳ ಕ್ಲೌಡ್ ದರ ಹೋಲಿಸಿ ನೋಡಿದೆ, ಹೆಚ್ಚು ವ್ಯತ್ಯಾಸವಿರಲಿಲ್ಲ. ಇನ್ನು ಉಳಿದದ್ದು ಒಂದೇ ದಾರಿ: ಸುಮ್ಮನೆ ಬಾಡಿಗೆ ತಿನ್ನುತ್ತಿರುವ ಸರ್ವರ್‌ಗಳನ್ನು ಹುಡುಕಿ ತೆಗೆಯುವುದು. ಒಂದು ಸಿಕ್ಕಿತು. ನಮ್ಮ ವಿಭಾಗದ ಮುಖ್ಯಸ್ಥೆಗೆ ಹೇಳಿದೆ.

"ಮೇಡಂ, ಇದು ತಿಂಗಳಿಗೆ ಒಂದೆರಡು ಸಲ ಎದ್ದು ಮತ್ತೆ ಮಲಗುತ್ತೆ. ಶುರು ಮಾಡಿದವರು ಕೆಲಸ ಬಿಟ್ಟು ಹೋಗಿದಾರೆ. ಯಾತಕ್ಕೆ ಅಂತ ಯಾರಿಗೂ ಗೊತ್ತಿಲ್ಲ."

"ಆಫ್ ಮಾಡು. ಬೇಕಾದವರು ಕೂಗ್ತಾರೆ. ಕೂಗಿದ್ರೆ ಆನ್ ಮಾಡಿದ್ರಾಯ್ತು."

ನಮ್ಮಲ್ಲಿ ಇದೇ ಪದ್ಧತಿ. ಹಳೆಯ ಕಡತ ಓದುವ ತಾಪತ್ರಯವಿಲ್ಲ. ಶುಕ್ರವಾರ ಸಂಜೆ ಆಫ್ ಮಾಡಿದೆ. ಸೋಮವಾರವೂ ಹಬ್ಬದ ರಜೆ. ಮೂರು ದಿನ ಫೋನನ್ನು ಊಟದ ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದೆ.

ಮಂಗಳವಾರ ಬೆಳಿಗ್ಗೆ ಮೇಡಂ ಕೇಳಿದರು: "ಯಾರಾದ್ರೂ ಕೂಗಿದ್ರಾ?"

"ಒಬ್ಬರೂ ಇಲ್ಲ."

"ನಾನು ಹೇಳ್ಲಿಲ್ವಾ? ಅಳಿಸಿಬಿಡು."

ಅಳಿಸಿದೆ. ಕೈ ತೊಳೆದುಕೊಂಡಷ್ಟು ಹಗುರವಾಯಿತು.

ಸ್ವಲ್ಪ ಹೊತ್ತಿಗೆ ಅಗ್ನಿಶಾಮಕ ದಳದವರೊಬ್ಬರು ಫೋನ್ ಮಾಡಿದರು. ರಜೆ ಮುಗಿದು ಬಾಗಿಲು ತೆರೆದ ಆಫೀಸ್ ಕಟ್ಟಡವೊಂದರಲ್ಲಿ ನಮ್ಮ ಲಿಫ್ಟ್ ಎರಡು ಮಹಡಿಗಳ ನಡುವೆಯೇ ನಿಂತಿತ್ತಂತೆ.

"ಬಾಗಿಲು ಒಡೆದು ತೆಗೆದ್ವಿ ಸರ್. ಒಳಗೆ ಕಸ ಗುಡಿಸೋ ಹೆಂಗಸು. ಜೀವ ಇಲ್ಲ."

"ಆಪತ್ತಿನ ಗುಂಡಿ ಇತ್ತಲ್ಲ, ಒತ್ತಲಿಲ್ವಾ ಅವರು?"

"ನಾನೂರ ಹನ್ನೆರಡು ಸಲ ಒತ್ತಿದಾರೆ ಸರ್, ಪ್ರತಿ ಸಲಾನೂ 'ಸರ್ವರ್ ಸಿಗುತ್ತಿಲ್ಲ' ಅಂತ ಲಿಫ್ಟಲ್ಲಿ ದಾಖಲಾಗಿದೆ."